ತಾರಸಿಯಿಂದ ತಾರಸಿಗೆ ನೆಟ್‌ವರ್ಕ್: ಕಂಬ ನಿಲ್ಲಿಸುವ ಮುನ್ನ ಒಂದು ಲೆಕ್ಕ

ಬೆಂಗಳೂರಿನ ಯಾವುದಾದರೂ ಮೂರು-ನಾಲ್ಕು ಮಹಡಿಯ ತಾರಸಿ ಹತ್ತಿ ಸುತ್ತ ಕಣ್ಣಾಡಿಸಿ. ನೀರಿನ ಟ್ಯಾಂಕು, ಸೋಲಾರ್ ಹೀಟರು, ಒಣಹಾಕಿದ ಬಟ್ಟೆಗಳ ನಡುವೆ ಕಬ್ಬಿಣದ ಪೈಪಿಗೆ ಬಿಗಿದ ಬಿಳಿ ಡಬ್ಬಿಗಳೋ ಪುಟ್ಟ ತಟ್ಟೆಗಳೋ ಕಾಣುತ್ತವೆ. ಟಿವಿ ಡಿಶ್‌ಗಳೆಲ್ಲ ಆಕಾಶ ನೋಡುತ್ತಿದ್ದರೆ, ಇವು ಮಾತ್ರ ದೂರದ ಇನ್ನಾವುದೋ ಕಟ್ಟಡದತ್ತ ಮುಖ ಮಾಡಿರುತ್ತವೆ. ಇವು ಹೊರಾಂಗಣ ವೈರ್‌ಲೆಸ್ ರೇಡಿಯೊಗಳು. ಒಂದೇ ಡಬ್ಬಿಯೊಳಗೆ ರೇಡಿಯೊ, ಆಂಟೆನಾ ಎರಡೂ ಇರುತ್ತವೆ. ಕೆಳಗಿನಿಂದ ಬರುವ ಒಂದೇ ನೆಟ್‌ವರ್ಕ್ ಕೇಬಲ್ ವಿದ್ಯುತ್ತನ್ನೂ ಡೇಟಾವನ್ನೂ ಹೊತ್ತು ತರುತ್ತದೆ. ಎರಡು ರೇಡಿಯೊಗಳನ್ನು ಎದುರುಬದುರು ನಿಲ್ಲಿಸಿದರೆ ಎರಡು ಕಟ್ಟಡಗಳ ನೆಟ್‌ವರ್ಕ್ ಒಂದಾಗುತ್ತದೆ.

ಪೀಣ್ಯದ ವರ್ಕ್‌ಶಾಪಿಗೂ ಅದರ ಗೋಡೌನಿಗೂ ನಡುವೆ, ಶಾಲೆಯ ಹಳೆ ಕಟ್ಟಡಕ್ಕೂ ಹೊಸದಕ್ಕೂ ನಡುವೆ, ಲೇಔಟಿನ ಗೇಟಿನ ಸಿಸಿ ಕ್ಯಾಮೆರಾಕ್ಕೂ ಸಂಘದ ಕಚೇರಿಗೂ ನಡುವೆ ಇದೇ ವ್ಯವಸ್ಥೆ ಕೆಲಸ ಮಾಡುತ್ತದೆ. ರಸ್ತೆ ಅಗೆಯಬೇಕಿಲ್ಲ, ಫೈಬರ್ ಎಳೆಯಲು ಅನುಮತಿಗೆ ಕಾಯಬೇಕಿಲ್ಲ. ಸಾಮಾನು ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ.

ಆದರೆ ಈ ಕೆಲಸವನ್ನು ಬಹಳ ಜನ ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಪೆಟ್ಟಿಗೆ ತರುತ್ತಾರೆ, ಆಮೇಲೆ ಕಂಬ ನಿಲ್ಲಿಸುತ್ತಾರೆ, ಆಮೇಲೆ ಸೆಟ್ಟಿಂಗ್ ತಡಕುತ್ತಾರೆ, ಕೊನೆಗೆ ‘ಸ್ಪೀಡ್ ಬರ್ತಿಲ್ಲ’ ಎಂದು ರೇಡಿಯೊವನ್ನು ಬೈಯುತ್ತಾರೆ. ನಾನು ಹೇಳಬೇಕೆಂದಿರುವುದು ಒಂದೇ: ಆ ತುದಿಯಲ್ಲಿ ಎಷ್ಟು ಸಿಗ್ನಲ್ ಬರಬೇಕು ಎಂಬ ಸಂಖ್ಯೆ ಕಾಗದದ ಮೇಲಿಲ್ಲದೆ ತಾರಸಿ ಹತ್ತಬೇಡಿ. ಆ ಸಂಖ್ಯೆ ಇದ್ದರೆ ಮುಂದೆ ಬರುವ ಪ್ರತಿಯೊಂದು ತೊಂದರೆಯೂ ತನ್ನ ಕಾರಣವನ್ನು ತಾನೇ ಹೇಳುತ್ತದೆ. ಇಲ್ಲದಿದ್ದರೆ ಎಲ್ಲವೂ ಊಹೆ.

ಯಾವ ತರಂಗ ಯಾರದ್ದು

ನಮ್ಮಲ್ಲಿ ರೇಡಿಯೊ ತರಂಗ ಸರ್ಕಾರದ ಹತೋಟಿಯಲ್ಲಿದೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳಲು ಪರವಾನಗಿ ಬೇಕು ಎಂಬುದೇ ಮೂಲ ನಿಯಮ. ಅದಕ್ಕೆ ವಿನಾಯಿತಿ ಸಿಕ್ಕಿರುವ ಕೆಲವೇ ತರಂಗಪಟ್ಟಿಗಳಲ್ಲಿ (ಬ್ಯಾಂಡ್) ನಮ್ಮ ಕೆಲಸ ನಡೆಯುತ್ತದೆ. 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ವಿನಾಯಿತಿ ಬಂತು. ಆ ನಿಯಮದಲ್ಲಿ ಆಂಟೆನಾದಿಂದ ಹೊರಡುವ ಶಕ್ತಿಗೆ 4 ವ್ಯಾಟ್ ಮಿತಿ, ಆಂಟೆನಾದ ಎತ್ತರಕ್ಕೆ ತಾರಸಿಯಿಂದ 5 ಮೀಟರ್ ಮಿತಿ ಇದೆ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗ, ಅಂದರೆ 5150ರಿಂದ 5350 ಮತ್ತು 5470ರಿಂದ 5875 ಮೆಗಾಹರ್ಟ್ಸ್‌ವರೆಗೆ, ಹೊರಾಂಗಣ ಬಳಕೆಗೂ ತೆರೆದುಕೊಂಡಿತು. ಒಟ್ಟು 605 ಮೆಗಾಹರ್ಟ್ಸ್. ಇವತ್ತು ತಾರಸಿಗಳ ಮೇಲೆ ಕಾಣುವ ರೇಡಿಯೊಗಳಲ್ಲಿ ಹೆಚ್ಚಿನವು ಇಲ್ಲೇ ಮಾತಾಡುತ್ತವೆ. ಒಳಗಿನ ಪ್ರತಿ ಭಾಗಕ್ಕೂ ಶಕ್ತಿಯ ಮಿತಿ ಬೇರೆ ಬೇರೆ.

2.4 ಗಿಗಾಹರ್ಟ್ಸನ್ನು ಮರೆತುಬಿಡಿ. ಮನೆಮನೆಯ ವೈಫೈ, ಬ್ಲೂಟೂತ್, ಮೈಕ್ರೊವೇವ್ ಓವನ್ ಎಲ್ಲವೂ ಅಲ್ಲೇ ಕೂಗಾಡುತ್ತಿರುತ್ತವೆ. ಈ ಊರಿನಲ್ಲಿ ಆ ಪಟ್ಟಿಯ ಮೇಲೆ ಕಿಲೊಮೀಟರುಗಟ್ಟಲೆ ಕೊಂಡಿ (ಲಿಂಕ್) ಕಟ್ಟುವುದು ವ್ಯರ್ಥ ಪ್ರಯತ್ನ.

ಪರವಾನಗಿ ಬೇಡ ಎಂದರೆ ರಕ್ಷಣೆಯೂ ಇಲ್ಲ ಎಂದರ್ಥ. ಪಕ್ಕದ ಬೀದಿಯವರು ನಿಮ್ಮದೇ ಚಾನೆಲ್ಲಿನಲ್ಲಿ, ಅಂದರೆ ಪಟ್ಟಿಯೊಳಗಿನ ಅದೇ ತುಂಡಿನಲ್ಲಿ, ರೇಡಿಯೊ ಹಾಕಿದರೆ ದೂರು ಕೊಡಲು ಜಾಗವಿಲ್ಲ. ನೀವು ಹಾಕಿದರೆ ಅವರಿಗೂ ಇಲ್ಲ. ಇನ್ನೊಂದು ಮಾತು: ನಿಮ್ಮದೇ ಎರಡು ಜಾಗಗಳನ್ನು ಜೋಡಿಸಿಕೊಳ್ಳುವುದು ಬೇರೆ, ಇಂಟರ್ನೆಟ್ ಹಂಚಿ ತಿಂಗಳಿಗಿಷ್ಟು ಎಂದು ಹಣ ತೆಗೆದುಕೊಳ್ಳುವುದು ಬೇರೆ. ಎರಡನೆಯದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕೇ ಬೇಕು.

ಆ ಒಂದು ಸಂಖ್ಯೆ

ರೇಡಿಯೊದವರು ಶಕ್ತಿಯನ್ನು ವ್ಯಾಟಿನಲ್ಲಿ ಹೇಳದೆ ಡಿಬಿಎಂನಲ್ಲಿ ಹೇಳುತ್ತಾರೆ. ಹೆದರಬೇಕಿಲ್ಲ. ಸೊನ್ನೆ ಡಿಬಿಎಂ ಎಂದರೆ 1 ಮಿಲಿವ್ಯಾಟ್. ಅಲ್ಲಿಂದ 10 ಕೂಡಿದರೆ ಶಕ್ತಿ ಹತ್ತು ಪಟ್ಟು, 3 ಕೂಡಿದರೆ ಎರಡು ಪಟ್ಟು. ಕಳೆದರೆ ಅದೇ ಪ್ರಮಾಣದಲ್ಲಿ ಇಳಿಕೆ. ಹಾಗಾಗಿ 20 ಡಿಬಿಎಂ ಎಂದರೆ 100 ಮಿಲಿವ್ಯಾಟ್. ಈ ಪದ್ಧತಿಯ ಉಪಕಾರ ಏನೆಂದರೆ ಗುಣಾಕಾರ, ಭಾಗಾಕಾರಗಳೆಲ್ಲ ಬರೀ ಕೂಡು-ಕಳೆ ಆಗಿಬಿಡುತ್ತವೆ.

ಇನ್ನು ಆಂಟೆನಾ. ಅದು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಒಂದು ಕಡೆಗೆ ತಿರುಗಿಸುತ್ತದೆ. ಟಾರ್ಚಿನ ಬಲ್ಬು ಅದೇ ಇದ್ದರೂ ಹಿಂದಿನ ಹೊಳಪಿನ ಬಟ್ಟಲು ಬೆಳಕನ್ನು ಮುಂದಕ್ಕೆ ಕೂಡಿಸಿ ಕಳಿಸುವ ಹಾಗೆ. ಎಷ್ಟು ಕೂಡಿಸುತ್ತದೆ ಎಂಬುದನ್ನು ಡಿಬಿಐ ಎಂಬ ಅಳತೆಯಲ್ಲಿ ಪೆಟ್ಟಿಗೆಯ ಮೇಲೇ ಬರೆದಿರುತ್ತಾರೆ. ಟಿಪಿ-ಲಿಂಕ್ ಸಿಪಿಇ510ಕ್ಕೆ 13, ಯೂಬಿಕ್ವಿಟಿಯ ನ್ಯಾನೊಸ್ಟೇಷನ್ 5ಎಸಿಗೆ 16, ತಟ್ಟೆಯಿರುವ ಲೈಟ್‌ಬೀಮ್ 5ಎಸಿಗೆ 23. ಸಂಖ್ಯೆ ಹೆಚ್ಚಿದಷ್ಟೂ ಕಿರಣ ಕಿರಿದಾಗುತ್ತದೆ. 13ರದ್ದು ಸುಮಾರು 45 ಡಿಗ್ರಿ ಅಗಲ, 23ರದ್ದು ಸುಮಾರು 10 ಡಿಗ್ರಿ.

ಉಳಿದದ್ದು ದಾರಿಯ ನಷ್ಟ. ತರಂಗ ಹರಡುತ್ತಾ ಹೋಗುವುದರಿಂದ ದೂರ ಇಮ್ಮಡಿಯಾದಾಗ ಬಂದು ತಲುಪುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ 6 ಡಿಬಿ ಕಡಿಮೆ (ಶಕ್ತಿಯ ಏರಿಳಿತವನ್ನು ಹೇಳುವಾಗ ಬರೀ ಡಿಬಿ ಎನ್ನುತ್ತಾರೆ). 5.8 ಗಿಗಾಹರ್ಟ್ಸಿನಲ್ಲಿ 1 ಕಿಲೊಮೀಟರಿಗೆ ನಷ್ಟ ಸುಮಾರು 108 ಡಿಬಿ ಎಂಬುದೊಂದನ್ನು ನೆನಪಿಟ್ಟುಕೊಂಡರೆ ಸಾಕು. 2 ಕಿಲೊಮೀಟರಿಗೆ 114, 4 ಕಿಲೊಮೀಟರಿಗೆ 120. ನಡುವಿನ 3 ಕಿಲೊಮೀಟರಿಗೆ 117.

ಈಗ ಪೀಣ್ಯದ ವರ್ಕ್‌ಶಾಪಿನಿಂದ 3 ಕಿಲೊಮೀಟರ್ ದೂರದ ಗೋಡೌನಿಗೆ ಲೆಕ್ಕ ಹಾಕೋಣ. ರೇಡಿಯೊ ಕಳಿಸುವುದು 20 ಡಿಬಿಎಂ. ಈ ತುದಿಯ ಆಂಟೆನಾ 16, ಆ ತುದಿಯದ್ದೂ 16. ಮೂರನ್ನೂ ಕೂಡಿದರೆ 52. ಅದರಿಂದ 117 ಕಳೆಯಿರಿ. ಉತ್ತರ ಮೈನಸ್ 65 ಡಿಬಿಎಂ. ಒಂದು ಮಿಲಿವ್ಯಾಟಿನ ಸುಮಾರು 30 ಲಕ್ಷದಲ್ಲಿ ಒಂದು ಪಾಲು. ಇಷ್ಟು ಕ್ಷೀಣವಾದದ್ದನ್ನು ಹಿಡಿದು ಸಿನಿಮಾ ತೋರಿಸುವಷ್ಟು ಡೇಟಾ ತೆಗೆಯುತ್ತದಲ್ಲ, ಅದು ನಿಜಕ್ಕೂ ಬೆರಗಿನ ಸಂಗತಿ. ಈ ಮೈನಸ್ 65ನ್ನು ದೊಡ್ಡದಾಗಿ ಬರೆದಿಟ್ಟುಕೊಳ್ಳಿ.

ಈ ಲೆಕ್ಕದಲ್ಲಿ ಆಂಟೆನಾದಿಂದ ಹೊರಟದ್ದು 20ಕ್ಕೆ 16 ಸೇರಿ 36 ಡಿಬಿಎಂ, ಅಂದರೆ 4 ವ್ಯಾಟ್. 23ರ ತಟ್ಟೆ ಹಾಕಿದರೆ ಏನಾಗುತ್ತದೆ ನೋಡಿ. ಹೊರಡುವುದು ಅದೇ 36 ಇರಬೇಕಾದರೆ ರೇಡಿಯೊದ ಶಕ್ತಿಯನ್ನು 13ಕ್ಕೆ ಇಳಿಸಬೇಕು. ಆದರೂ ಆ ತುದಿಗೆ ಬಂದು ಸೇರುವುದು ಮೈನಸ್ 58, ಯಾಕೆಂದರೆ ಕೇಳುವ ಕಡೆಯ ತಟ್ಟೆಯೂ ದೊಡ್ಡದು. ರೇಡಿಯೊ ಕೂಗುವ ದನಿ ತಗ್ಗಿತು, ಸಿಗ್ನಲ್ 7 ಡಿಬಿ ಏರಿತು. ಮೇಲಾಗಿ ಕಿರಿದಾದ ಕಿರಣ ಅಕ್ಕಪಕ್ಕದವರ ಗದ್ದಲವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ನಮ್ಮದನ್ನು ಅವರ ಮೇಲೆ ಸುರಿಯುವುದೂ ಇಲ್ಲ. ಕಿಕ್ಕಿರಿದ ಈ ಊರಿನಲ್ಲಿ ‘ಪವರ್ ಜಾಸ್ತಿ ಮಾಡು’ ಎನ್ನುವುದು ಕೆಟ್ಟ ಸಲಹೆ. ಒಳ್ಳೆಯ ಆಂಟೆನಾಕ್ಕೆ ಇನ್ನಷ್ಟು ದುಡ್ಡು ಹಾಕಿ.

ಇಂಥ ಲೆಕ್ಕಗಳಿಗೂ ಬೆಂಗಳೂರಿಗೂ ಹಳೆಯ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ನಾಡಿನ ರಾಜೇಶ್ವರಿ ಚಟರ್ಜಿ ಅವರು ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ 1950ರ ದಶಕದಲ್ಲಿ ಮೈಕ್ರೊವೇವ್ ಪ್ರಯೋಗಾಲಯ ಕಟ್ಟಿದರು. ಆಂಟೆನಾಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು, ಕಲಿಸಿದರು. ತಾರಸಿಯ ಮೇಲಿನ ಈ ಸಣ್ಣ ಡಬ್ಬಿಯ ಹಿಂದೆ ಇರುವುದು ಅದೇ ವಿದ್ಯೆ.

ಮೈನಸ್ 65 ಸಾಕೇ? ಅದು ಗದ್ದಲದ, ಅಂದರೆ ಬೇಡದ ತರಂಗಗಳ, ಮಟ್ಟವನ್ನು ಅವಲಂಬಿಸಿದೆ. 20 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ ಪ್ರಕೃತಿಯೇ ಇಟ್ಟಿರುವ ತಳಮಟ್ಟ ಮೈನಸ್ 101. ರೇಡಿಯೊದ ಸ್ವಂತ ಗದ್ದಲ, ಊರಿನ ಗದ್ದಲ ಸೇರಿ ಅದು ಮೈನಸ್ 90ರ ಆಸುಪಾಸಿಗೆ ಏರಿದೆ ಎಂದುಕೊಳ್ಳಿ. ಆಗ ಸಿಗ್ನಲ್ಲಿಗೂ ಗದ್ದಲಕ್ಕೂ 25 ಡಿಬಿ ಅಂತರ. ಒಳ್ಳೆಯ ವೇಗಕ್ಕೆ ಇಷ್ಟು ಸಾಕು, ಅತಿ ಹೆಚ್ಚಿನ ವೇಗಕ್ಕೆ 30 ದಾಟಬೇಕು. ಚಾನೆಲ್ಲಿನ ಅಗಲ ಇಮ್ಮಡಿ ಮಾಡಿದಾಗಲೆಲ್ಲ ಒಳಬರುವ ಗದ್ದಲ 3 ಡಿಬಿ ಏರುತ್ತದೆ ಎಂಬುದನ್ನು ಮರೆಯಬೇಡಿ. ಹಾಗಾಗಿ 80 ಮೆಗಾಹರ್ಟ್ಸ್ ಆರಿಸಿದವರಿಗೆ 20 ಆರಿಸಿದವರಿಗಿಂತ ಕಡಿಮೆ ವೇಗ ಸಿಗುವುದು ಇಲ್ಲಿ ಅಪರೂಪವಲ್ಲ. ನಾಲ್ಕು ಕ್ಯಾಮೆರಾ, ಒಂದು ಬಿಲ್ಲಿಂಗ್ ಕಂಪ್ಯೂಟರಿಗೆ 20 ಮೆಗಾಹರ್ಟ್ಸ್ ಧಾರಾಳ. ಹೆಚ್ಚು ಬೇಕೆಂದರೆ 40. ಬೇಕಾದ್ದಕ್ಕಿಂತ ಅಗಲ ಹಿಡಿದು ಕೂತರೆ ಪಕ್ಕದವರ ಜಾಗವನ್ನೂ ತಿಂದಂತಾಗುತ್ತದೆ.

ಕಣ್ಣಿಗೆ ಕಂಡರೆ ಸಾಲದು

ಮೈನಸ್ 65 ಎಂಬ ಲೆಕ್ಕ ನಡುವೆ ಏನೂ ಅಡ್ಡವಿಲ್ಲ ಎಂದುಕೊಂಡು ಹಾಕಿದ್ದು. ಇಲ್ಲೇ ಹೆಚ್ಚಿನ ಕೊಂಡಿಗಳು ಸೋಲುವುದು.

ರೇಡಿಯೊ ತರಂಗ ದಾರದಂತೆ ಸಣ್ಣ ಗೆರೆಯಲ್ಲಿ ಹೋಗುವುದಿಲ್ಲ. ಎರಡು ಆಂಟೆನಾಗಳ ನಡುವೆ, ತುದಿಗಳಲ್ಲಿ ಚೂಪಾಗಿ ನಡುವೆ ಉಬ್ಬಿದ ಒಂದು ಪ್ರದೇಶವನ್ನು ಅದು ಬಳಸಿಕೊಳ್ಳುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬೆಳಕಿನ ತರಂಗಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ ಹೆಸರಿನಲ್ಲಿ ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 5.8 ಗಿಗಾಹರ್ಟ್ಸಿನಲ್ಲಿ 1 ಕಿಲೊಮೀಟರ್ ದಾರಿಯ ನಡುಮಧ್ಯೆ ಇದರ ತ್ರಿಜ್ಯ ಸುಮಾರು 3.6 ಮೀಟರ್, 3 ಕಿಲೊಮೀಟರಿಗೆ ಸುಮಾರು 6.2 ಮೀಟರ್. ಒಳಗಿನ ಶೇ. 60 ಭಾಗವಾದರೂ ಖಾಲಿಯಿರಬೇಕು. ಅಂದರೆ ನಮ್ಮ ಪೀಣ್ಯದ ಕೊಂಡಿಯಲ್ಲಿ, ನೋಟದ ಗೆರೆಯ ಕೆಳಗೂ ಅಕ್ಕಪಕ್ಕದಲ್ಲೂ ನಡುಭಾಗದಲ್ಲಿ ಸುಮಾರು 3.7 ಮೀಟರ್ ತೆರವು ಬೇಕು. ‘ಆ ಕಟ್ಟಡ ಕಾಣ್ತಿದೆಯಲ್ಲ ಸಾರ್’ ಎಂದರೆ ಮುಗಿಯಲಿಲ್ಲ. ನಡುವಿನ ಟ್ಯಾಂಕಿನ ನೆತ್ತಿ ಸವರಿಕೊಂಡು ಹೋಗುವ ನೋಟಕ್ಕೆ ಸಿಗ್ನಲ್ಲಿನಲ್ಲಿ ಬೆಲೆ ತೆರಬೇಕಾಗುತ್ತದೆ. ಭೂಮಿಯ ಉಬ್ಬಿನ ಚಿಂತೆ ಮಾತ್ರ ಬೇಡ. 3 ಕಿಲೊಮೀಟರಿಗೆ ಅದು ಒಂದು ಗೇಣೂ ಇಲ್ಲ.

ಬೆಂಗಳೂರು ಸಮತಟ್ಟಾದ ಊರಲ್ಲ. ಉತ್ತರ-ದಕ್ಷಿಣವಾಗಿ ಒಂದು ದಿಣ್ಣೆ ಹಾದುಹೋಗಿದೆ. ಅದರ ಎರಡೂ ಬದಿಗೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳು ಇಳಿಯುತ್ತವೆ. ಒಂದೇ ಬದಿಯ ಎರಡು ಜಾಗಗಳನ್ನು ಜೋಡಿಸುವುದು ಸುಲಭ. ದಿಣ್ಣೆಯ ಆಚೆಗೊಂದು ಈಚೆಗೊಂದು ತುದಿ ಇದ್ದರೆ ನೆಲವೇ ಅಡ್ಡ ಬರುತ್ತದೆ. ಗೂಗಲ್ ಅರ್ಥ್‌ನಲ್ಲಿ ಎರಡು ಬಿಂದುಗಳ ನಡುವೆ ಗೆರೆ ಎಳೆದು ನೆಲದ ಏರಿಳಿತ ನೋಡಿಕೊಳ್ಳಬಹುದು. ಆದರೆ ಅದು ನೆಲವನ್ನು ತೋರಿಸುತ್ತದೆಯೇ ಹೊರತು ಹೋದ ವರ್ಷ ಎದ್ದ ಅಪಾರ್ಟ್‌ಮೆಂಟನ್ನಾಗಲಿ ಮೆಟ್ರೊ ಕಂಬಗಳನ್ನಾಗಲಿ ಅಲ್ಲ. ಖುದ್ದು ತಾರಸಿ ಹತ್ತಿ ದುರ್ಬೀನು ಹಿಡಿದು ನೋಡುವುದಕ್ಕೆ ಬದಲಿ ಇಲ್ಲ. ನೋಡುವಾಗ ದಾರಿಯಲ್ಲಿ ಪಿಲ್ಲರಿನ ಕಂಬಿ ಮೇಲೆದ್ದು ನಿಂತ ಅರೆಬರೆ ಕಟ್ಟಡಗಳಿವೆಯೇ ಎಂದು ವಿಶೇಷವಾಗಿ ಗಮನಿಸಿ. ಆ ಕಂಬಿಗಳೆಂದರೆ ಇನ್ನೊಂದು ಮಹಡಿ ಬರಲಿದೆ ಎಂಬ ಸೂಚನೆ.

ಇನ್ನು ಮರಗಳು. ಈ ಊರಿನ ಮಳೆಮರ, ಗುಲ್‌ಮೊಹರ್, ಕಾಂಪೌಂಡಿನ ತೆಂಗು ನಮಗೆಲ್ಲ ಪ್ರೀತಿ. 5 ಗಿಗಾಹರ್ಟ್ಸಿಗೆ ಮಾತ್ರ ಎಲೆಯೊಳಗಿನ ನೀರು ಶತ್ರು. ಒಂದು ದಟ್ಟ ಮರವೇ 10ರಿಂದ 20 ಡಿಬಿ ನುಂಗಿಹಾಕಬಲ್ಲದು. ಫೆಬ್ರುವರಿಯಲ್ಲಿ ಎಲೆ ಉದುರಿದಾಗ ಕಟ್ಟಿದ ಕೊಂಡಿ ಚಿಗುರು ಬಂದ ಮೇಲೆ ಕುಸಿಯುತ್ತದೆ. ಮಳೆ ಬಂದಾಗ ನೆಟ್ ಹೋಗುತ್ತದೆ ಎಂಬ ದೂರಿನ ಹಿಂದೆಯೂ ಬಹಳ ಸಲ ಮರವೇ ಇರುತ್ತದೆ. ಗಂಟೆಗೆ 50 ಮಿಲಿಮೀಟರ್ ರಭಸದ ಮಳೆ ಕೂಡ ಈ ಪಟ್ಟಿಯಲ್ಲಿ 3 ಕಿಲೊಮೀಟರಿಗೆ ಸುಮಾರು 1 ಡಿಬಿ ಮಾತ್ರ ಕಳೆಯುತ್ತದೆ. ಮಳೆಯಲ್ಲಿ ಕೊಂಡಿ ಸತ್ತರೆ ಆಕಾಶದ ಹನಿಯನ್ನು ದೂರಬೇಡಿ. ದಾರಿಯಲ್ಲಿ ನೆನೆದ ಎಲೆ ಇದೆಯೇ, ಕನೆಕ್ಟರಿಗೆ ನೀರು ಇಳಿದಿದೆಯೇ ನೋಡಿ.

ಮರ ಅಡ್ಡ ಬಂದರೆ ಕೊಂಬೆ ಕಡಿಸುವ ಯೋಚನೆ ಬಿಡಿ. ರೇಡಿಯೊವನ್ನು ತಾರಸಿಯ ಇನ್ನೊಂದು ಮೂಲೆಗೆ ಸರಿಸಿ ನೋಡಿ. ಹತ್ತು ಅಡಿ ಪಕ್ಕಕ್ಕೆ ಹೋದರೆ ದಾರಿ ತೆರೆದುಕೊಳ್ಳುವುದುಂಟು. ಆಗದಿದ್ದರೆ ನಡುವೆ ಪರಿಚಯದವರ ಎತ್ತರದ ಮನೆ ಹುಡುಕಿ, ಎರಡು ಜಿಗಿತದಲ್ಲಿ ದಾಟಿ.

ಕಂಬ, ಕೇಬಲ್, ಸಿಡಿಲು

ಕಂಬಕ್ಕೆ ಜಿಐ ಪೈಪ್ ಸರಿ. ಪಿವಿಸಿ ಬೇಡ, ನೀರಿನ ಪೈಪಿಗೆ ಕಟ್ಟುವುದಂತೂ ಬೇಡವೇ ಬೇಡ. ಪ್ಯಾರಾಪೆಟ್ ಗೋಡೆಗೆ ಎರಡು ಕಡೆ ಕ್ಲಾಂಪ್ ಹಾಕಿ ಬಿಗಿಯಿರಿ. ರಸಮಟ್ಟ ಇಟ್ಟು ನೆಟ್ಟಗಿದೆಯೇ ನೋಡಿ. ಕಂಬ ವಾಲಿದ್ದರೆ ಆಮೇಲೆ ದಿಕ್ಕು ತಿರುಗಿಸುವಾಗ ಎತ್ತರದ ಕೋನವೂ ತಪ್ಪುತ್ತಾ ಹೋಗುತ್ತದೆ.

ಇಲ್ಲೊಂದು ಜೀವದ ಮಾತು. ಹಳೆಯ ಬಡಾವಣೆಗಳಲ್ಲಿ 11 ಕಿಲೊವೋಲ್ಟ್ ತಂತಿಗಳು ಬಾಲ್ಕನಿಗೆ ಕೈ ಚಾಚುವಷ್ಟು ಹತ್ತಿರ ಹಾದಿರುತ್ತವೆ. ಪೈಪನ್ನು ಎತ್ತಿ ನಿಲ್ಲಿಸುವಾಗ ಅದು ಕೈ ಜಾರಿ ಯಾವ ಕಡೆಗೆ ಬಿದ್ದರೂ ತಂತಿಗೆ ತಗಲದಷ್ಟು ದೂರವಿರಲಿ. ಅಂಥ ಜಾಗ ಇಲ್ಲದಿದ್ದರೆ ಆ ತಾರಸಿಯಲ್ಲಿ ಕಂಬ ಬೇಡ. ಒಬ್ಬರೇ ಹತ್ತಬೇಡಿ, ಮೋಡ ಗುಡುಗಿದರೆ ಕೆಲಸ ಬಿಟ್ಟು ಇಳಿಯಿರಿ.

ಕೇಬಲ್ ವಿಷಯದಲ್ಲಿ ಜಿಪುಣತನ ಮಾಡುವವರು ಹೆಚ್ಚು. ಒಳಾಂಗಣದ ಬಣ್ಣದ ಕೇಬಲ್ಲಿನ ಹೊದಿಕೆ ಬಿಸಿಲಿಗೆ ಬಿರಿದು ನೀರು ಒಳಗಿಳಿಯುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯ, ಒಳಗೆ ಲೋಹದ ಕವಚವಿರುವ ಕ್ಯಾಟ್5ಇ ಅಥವಾ ಕ್ಯಾಟ್6 ತನ್ನಿ. ತಂತಿ ಅಪ್ಪಟ ತಾಮ್ರವೇ ಎಂದು ನೋಡಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಮಾರುಕಟ್ಟೆಯಲ್ಲಿದೆ. ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ಅದರ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಇದು ಯಾಕೆ ಮುಖ್ಯ ಎಂದರೆ ವಿದ್ಯುತ್ತೂ ಅದೇ ತಂತಿಯಲ್ಲಿ ಹೋಗಬೇಕು. 24 ವೋಲ್ಟಿನಲ್ಲಿ 8 ವ್ಯಾಟ್ ಚಿಲ್ಲರೆ ಬಳಸುವ ರೇಡಿಯೊ 0.35 ಆಂಪಿಯರ್ ಎಳೆಯುತ್ತದೆ. 50 ಮೀಟರ್ ತಾಮ್ರದ ಕೇಬಲ್ಲಿನಲ್ಲಿ ಎರಡು ಜೋಡಿ ತಂತಿ ಬಳಸಿದಾಗ ದಾರಿಯಲ್ಲಿ ಕಳೆದುಹೋಗುವುದು ಒಂದೂವರೆಯಿಂದ ಎರಡು ವೋಲ್ಟ್. ಕೆಟ್ಟ ತಂತಿ, ತುಕ್ಕು ಹಿಡಿದ ಕನೆಕ್ಟರ್ ಸೇರಿದರೆ ರೇಡಿಯೊ ಹೆಚ್ಚು ಕೆಲಸ ಮಾಡುವ ಹೊತ್ತಿನಲ್ಲೇ, ಅಂದರೆ ನಿಮಗೆ ಬೇಕಾದ ಹೊತ್ತಿನಲ್ಲೇ, ರೀಸ್ಟಾರ್ಟ್ ಆಗತೊಡಗುತ್ತದೆ. ಕೇಬಲ್ಲಿನ ಒಟ್ಟು ಉದ್ದ 100 ಮೀಟರ್ ದಾಟುವಂತಿಲ್ಲ.

ವಿದ್ಯುತ್ ಕೊಡುವ ಪುಟ್ಟ ಅಡಾಪ್ಟರಿನಲ್ಲಿ ಎರಡು ಕಿಂಡಿಗಳಿರುತ್ತವೆ. ಪಿಒಇ ಎಂದು ಬರೆದದ್ದು ರೇಡಿಯೊಗೆ, ಲ್ಯಾನ್ ಎಂದು ಬರೆದದ್ದು ರೂಟರಿಗೆ. ಅದಲುಬದಲು ಮಾಡಿದರೆ ರೂಟರಿನ ಕಿಂಡಿ ಸುಟ್ಟುಹೋಗಬಹುದು. 24 ವೋಲ್ಟಿನದ್ದಕ್ಕೆ 48 ವೋಲ್ಟ್ ಕೊಟ್ಟರೆ ರೇಡಿಯೊ ಸುಡಬಹುದು. ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರನ್ನೇ ಬಳಸಿ, ಮೇಲೆ ಹೆಸರು ಬರೆದ ಚೀಟಿ ಅಂಟಿಸಿ. ಕರೆಂಟ್ ಹೋದಾಗ ಕೊಂಡಿ ಉಳಿಯಬೇಕಾದರೆ ಎರಡೂ ತುದಿಯಲ್ಲಿ ಯುಪಿಎಸ್ ಬೇಕು; ಒಂದು ತುದಿಯಲ್ಲಿ ಮಾತ್ರ ಇಟ್ಟರೆ ಪ್ರಯೋಜನವಿಲ್ಲ.

ರೇಡಿಯೊದ ಕೆಳಗೆ ಕೇಬಲ್ಲನ್ನು ಒಂದು ಸುತ್ತು ಜೋತುಬಿಟ್ಟು ಆಮೇಲೆ ಮೇಲಕ್ಕೆ ತನ್ನಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರಿನವರೆಗೆ ಹರಿಯುವುದಿಲ್ಲ. ಗೋಡೆಯೊಳಗೆ ಹೋಗುವ ಕಡೆಯೂ ಹೀಗೆಯೇ ಮಾಡಿ.

ಏಪ್ರಿಲ್, ಮೇ ತಿಂಗಳಿನ ಗುಡುಗುಮಳೆ ಈ ಊರಿನ ರೇಡಿಯೊಗಳಿಗೆ ಪರೀಕ್ಷೆಯ ಕಾಲ. ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಕಟ್ಟಡದ ಅರ್ಥಿಂಗಿಗೆ ಜೋಡಿಸಿ. ಲೋಹದ ಕವಚವಿರುವ ಕೇಬಲ್ಲಿಗೆ ಲೋಹದ ಕನೆಕ್ಟರನ್ನೇ ಹಾಕಿ, ಕವಚದ ತಂತಿ ಅದಕ್ಕೆ ತಾಗುವಂತಿರಲಿ. ಕೇಬಲ್ ಕಟ್ಟಡದೊಳಗೆ ಹೋಗುವ ಜಾಗದಲ್ಲಿ ಸರ್ಜ್ ಪ್ರೊಟೆಕ್ಟರ್ ಕೂರಿಸಿ ಅದನ್ನೂ ಅರ್ಥ್ ಮಾಡಿ. ನೇರವಾಗಿ ಹೊಡೆದ ಸಿಡಿಲಿನಿಂದ ಯಾವುದೂ ಕಾಪಾಡದು. ಆದರೆ ಎಲ್ಲೋ ಹತ್ತಿರ ಬಿದ್ದ ಸಿಡಿಲು ಕೇಬಲ್ಲಿನಲ್ಲಿ ಎಬ್ಬಿಸುವ ವೋಲ್ಟೇಜ್ ಸಾಮಾನ್ಯ ಸಂಗತಿ. ಅದನ್ನು ಇವು ನೆಲಕ್ಕಿಳಿಸಿ ರೇಡಿಯೊ ಉಳಿಸಬಲ್ಲವು. ಅರ್ಥಿಂಗ್ ಗುಂಡಿಯೇ ಒಣಗಿ ಹೋಗಿದ್ದರೆ ಇದಕ್ಕೆಲ್ಲ ಅರ್ಥವಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ.

ಸೆಟ್ಟಿಂಗ್ ಮೇಜಿನ ಮೇಲೆ

ಬಿಸಿಲಲ್ಲಿ ಕಾಣದ ಲ್ಯಾಪ್‌ಟಾಪ್ ಪರದೆ ಹಿಡಿದು ಸೆಟ್ಟಿಂಗ್ ಮಾಡುವುದು ಬೇಡ. ಎರಡೂ ರೇಡಿಯೊಗಳನ್ನು ಮನೆಯೊಳಗೇ ಮೇಜಿನ ಮೇಲಿಟ್ಟು, ಶಕ್ತಿಯನ್ನು ಕನಿಷ್ಠಕ್ಕಿಳಿಸಿ, ಅಲ್ಲೇ ಜೋಡಿ ಮಾಡಿ ಮುಗಿಸಿ.

ಯೂಬಿಕ್ವಿಟಿಯದ್ದಾದರೆ ರೇಡಿಯೊದ ಮೊದಲ ವಿಳಾಸ 192.168.1.20, ಟಿಪಿ-ಲಿಂಕ್ ಸಿಪಿಇ ಆದರೆ 192.168.0.254, ಮೈಕ್ರೊಟಿಕ್ ಆದರೆ 192.168.88.1. ಲ್ಯಾಪ್‌ಟಾಪಿಗೆ ಅದೇ ಸಾಲಿನ ಇನ್ನೊಂದು ವಿಳಾಸ ಕೊಟ್ಟು ಬ್ರೌಸರಿನಲ್ಲಿ ತೆರೆಯಿರಿ. ಮೊದಲ ಕೆಲಸ ಫರ್ಮ್‌ವೇರ್ (ರೇಡಿಯೊದೊಳಗಿನ ತಂತ್ರಾಂಶ) ಹೊಸದು ಮಾಡುವುದು, ಎರಡನೆಯದು ಪಾಸ್‌ವರ್ಡ್ ಬದಲಿಸುವುದು, ಮೂರನೆಯದು ದೇಶ ಎಂಬಲ್ಲಿ ಭಾರತ ಎಂದು ಆರಿಸುವುದು. ಬೇರೆ ದೇಶ ಹಾಕಿದರೆ ಪವರ್ ಜಾಸ್ತಿ ಸಿಗುತ್ತದೆ ಎಂಬ ಸಲಹೆ ಕೊಡುವವರಿದ್ದಾರೆ. ನಮ್ಮ ಲೆಕ್ಕಕ್ಕೆ ಅದರ ಅಗತ್ಯವಿಲ್ಲ. ಅದು ನಿಯಮ ಮುರಿದಂತೆಯೂ ಹೌದು.

ಇಂಟರ್ನೆಟ್ ಇರುವ ಕಡೆಯದ್ದನ್ನು ಆಕ್ಸೆಸ್ ಪಾಯಿಂಟ್ (ಸಂಪರ್ಕ ಕೊಡುವ ತುದಿ) ಮಾಡಿ, ಆ ಕಡೆಯದ್ದನ್ನು ಸ್ಟೇಷನ್ (ಸಂಪರ್ಕ ಪಡೆಯುವ ತುದಿ) ಮಾಡಿ. ಎರಡನ್ನೂ ಬ್ರಿಡ್ಜ್ ರೀತಿಯಲ್ಲಿಡಿ. ಹಾಗೆ ಮಾಡಿದರೆ ರೇಡಿಯೊಗಳು ವಿಳಾಸ ಹಂಚುವ ಕೆಲಸಕ್ಕೆ ಹೋಗುವುದಿಲ್ಲ. ನಿಮ್ಮ ಮುಖ್ಯ ರೂಟರ್ ಒಂದೇ ಎರಡೂ ಕಟ್ಟಡಗಳಿಗೆ ಹಂಚುತ್ತದೆ. ಗೋಡೌನಿನಲ್ಲಿ ಇನ್ನೊಂದು ವೈಫೈ ರೂಟರ್ ಇಟ್ಟರೆ ಅದರ ಡಿಎಚ್‌ಸಿಪಿಯನ್ನು (ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ. ಇಬ್ಬರು ವಿಳಾಸ ಹಂಚತೊಡಗಿದರೆ ಕೆಲವು ಯಂತ್ರಗಳಿಗೆ ನೆಟ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಆ ಗೋಜಲು ಬಿಡಿಸುವುದು ಕಷ್ಟ. ರೇಡಿಯೊಗಳಿಗೆ 192.168.1.21, 192.168.1.22 ಎಂಬಂತೆ, ರೂಟರ್ ಹಂಚುವ ಸಾಲಿನಿಂದ ಹೊರಗಿರುವ ಖಾಯಂ ವಿಳಾಸ ಕೊಡಿ.

ಡಬ್ಲ್ಯುಡಿಎಸ್ ಎಂಬ ಆಯ್ಕೆ ಕಂಡರೆ ಎರಡೂ ಕಡೆ ಹಾಕಿ. ಸಾಮಾನ್ಯ ವೈಫೈ ಕಳಿಸುವ ಪ್ರತಿ ಡೇಟಾ ತುಣುಕಿನಲ್ಲಿ ಮೂರು ಯಂತ್ರ-ವಿಳಾಸಗಳಿಗೆ ಮಾತ್ರ ಜಾಗ. ಆ ತುದಿಯ ಹಿಂದೆ ಹತ್ತು ಕ್ಯಾಮೆರಾಗಳಿದ್ದರೂ ಎಲ್ಲವೂ ಸ್ಟೇಷನ್ನಿನ ಒಂದೇ ಹೆಸರಿನಲ್ಲಿ ಮಾತಾಡಬೇಕಾಗುತ್ತದೆ. ಡಬ್ಲ್ಯುಡಿಎಸ್ ನಾಲ್ಕನೆಯ ವಿಳಾಸಕ್ಕೆ ಜಾಗ ಮಾಡಿಕೊಟ್ಟು ಪ್ರತಿ ಯಂತ್ರವೂ ತನ್ನದೇ ಗುರುತಿನಲ್ಲಿ ದಾಟುವಂತೆ ಮಾಡುತ್ತದೆ. ಭದ್ರತೆಯ ಆಯ್ಕೆಯಲ್ಲಿ ಕನಿಷ್ಠ ಡಬ್ಲ್ಯುಪಿಎ2, ಎಇಎಸ್ ಎಂಬುದಿರಲಿ.

ದೂರ ಎಂಬ ಸೆಟ್ಟಿಂಗನ್ನು ಹಲವರು ಗಮನಿಸುವುದೇ ಇಲ್ಲ. ವೈಫೈನಲ್ಲಿ ಪ್ರತಿ ತುಣುಕು ತಲುಪಿದ ಮೇಲೆ ‘ಬಂತು’ ಎಂಬ ಉತ್ತರ ಬರಬೇಕು. 3 ಕಿಲೊಮೀಟರ್ ಹೋಗಲು ತರಂಗಕ್ಕೆ 10 ಮೈಕ್ರೊಸೆಕೆಂಡ್, ಉತ್ತರ ವಾಪಸ್ ಬರಲು ಇನ್ನೊಂದು 10. ಮನೆಯೊಳಗಿನ ದೂರಕ್ಕೆ ಹೊಂದಿಸಿದ ರೇಡಿಯೊ ಅಷ್ಟು ಹೊತ್ತು ಕಾಯದೆ, ತುಣುಕು ಕಳೆದುಹೋಯಿತೆಂದು ಮತ್ತೆ ಕಳಿಸುತ್ತದೆ. ಸಿಗ್ನಲ್ ಚೆನ್ನಾಗಿದ್ದೂ ವೇಗ ಹಾಳಾಗಲು ಇದೂ ಒಂದು ಕಾರಣ. ದೂರವನ್ನು ನಿಜಕ್ಕಿಂತ ತುಸು ಹೆಚ್ಚೇ ಹಾಕಿ, ಅಥವಾ ಆಟೋ ಇಡಿ. ಯೂಬಿಕ್ವಿಟಿಯ ಏರ್‌ಮ್ಯಾಕ್ಸ್, ಮೈಕ್ರೊಟಿಕ್‌ನ ಎನ್‌ವಿ2 ಮೊದಲಾದ ಪದ್ಧತಿಗಳು ಯಾರು ಯಾವಾಗ ಮಾತಾಡಬೇಕೆಂದು ಸರದಿ ಹಂಚಿ ಈ ತೊಂದರೆಯನ್ನು ಇನ್ನಷ್ಟು ತಗ್ಗಿಸುತ್ತವೆ. ಅದಕ್ಕೆ ಎರಡೂ ತುದಿಯಲ್ಲಿ ಒಂದೇ ಕಂಪನಿಯ ರೇಡಿಯೊ ಬೇಕು.

ಚಾನೆಲ್ ಆರಿಸುವಾಗ ಒಂದು ಇಕ್ಕಟ್ಟಿದೆ. 5250ರಿಂದ 5350, 5470ರಿಂದ 5725ರ ಭಾಗವನ್ನು ರಾಡಾರುಗಳೂ ಬಳಸುತ್ತವೆ. ಡಿಎಫ್‌ಎಸ್ ಎಂಬ ವ್ಯವಸ್ಥೆಯಿರುವ ರೇಡಿಯೊ ಅಲ್ಲಿ ಮಾತಾಡುವ ಮುನ್ನ ಒಂದು ನಿಮಿಷ ಸುಮ್ಮನೆ ಕೇಳುತ್ತದೆ. ರಾಡಾರಿನ ಸುಳಿವು ಸಿಕ್ಕರೆ ಚಾನೆಲ್ ಬಿಟ್ಟು ಓಡುತ್ತದೆ. ಯಲಹಂಕ ವಾಯುನೆಲೆ, ಎಚ್‌ಎಎಲ್ ನಿಲ್ದಾಣ, ದೇವನಹಳ್ಳಿಯ ವಿಮಾನ ನಿಲ್ದಾಣಗಳಿರುವ ಊರು ಇದು. ಕೊಂಡಿ ಕಾರಣವಿಲ್ಲದೆ ಆಗಾಗ ಒಂದು ನಿಮಿಷ ಮಾಯವಾಗಿ ಮರಳುತ್ತಿದ್ದರೆ ರೇಡಿಯೊದ ಲಾಗ್ (ನಡೆದದ್ದರ ದಾಖಲೆ) ತೆರೆದು ಡಿಎಫ್‌ಎಸ್ ಎಂಬ ಪದ ಹುಡುಕಿ. 5725ರ ಮೇಲೆ ಈ ಕಾಟವಿಲ್ಲ, ಆದರೆ ಎಲ್ಲರೂ ಅಲ್ಲೇ ಸೇರಿರುವುದರಿಂದ ಗದ್ದಲ ಹೆಚ್ಚು. ತಾರಸಿಗೆ ಹೋದ ಮೇಲೆ ಎರಡೂ ತುದಿಯಿಂದ ಸ್ಕ್ಯಾನ್ ಮಾಡಿ ಆರಿಸಿ. ಗದ್ದಲ ಎರಡು ತುದಿಯಲ್ಲೂ ಒಂದೇ ರೀತಿ ಇರುವುದಿಲ್ಲ, ಒಂದೇ ಕಡೆ ನೋಡಿ ತೀರ್ಮಾನಿಸಬೇಡಿ.

ದಿಕ್ಕು ಹೊಂದಿಸುವುದು

ಇದಕ್ಕೆ ಇಬ್ಬರು ಬೇಕು, ಒಂದೊಂದು ತಾರಸಿಯಲ್ಲಿ ಒಬ್ಬೊಬ್ಬರು, ಕಿವಿಯಲ್ಲಿ ಫೋನು. ನಕ್ಷೆಯಲ್ಲಿ ಕೋನ ನೋಡಿಕೊಂಡು ಅಂದಾಜಿಗೆ ತಿರುಗಿಸಿ. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಪೈಪಿನ ಪಕ್ಕ ಹಿಡಿಯಬೇಡಿ, ತಪ್ಪು ತೋರಿಸುತ್ತದೆ. ಒಬ್ಬರು ಅಲುಗಾಡದೆ ನಿಲ್ಲಲಿ; ಇನ್ನೊಬ್ಬರು ಎಡದಿಂದ ಬಲಕ್ಕೆ ನಿಧಾನವಾಗಿ ಪೂರ್ತಿ ತಿರುಗಿಸಲಿ. ‘ಅರವತ್ತೊಂಬತ್ತು… ಅರವತ್ತೇಳು… ನಿಲ್ಸಿ, ನಿಲ್ಸಿ, ಒಂಚೂರು ವಾಪಸ್…’ ಎಂದು ಸಾಗುತ್ತದೆ ಕೆಲಸ. ಪ್ರತಿ ಸಲ ತಿರುಗಿಸಿದ ಮೇಲೆ ಎರಡು-ಮೂರು ಸೆಕೆಂಡ್ ಕಾಯಬೇಕು, ಪರದೆಯ ಸಂಖ್ಯೆ ತಡವಾಗಿ ಬದಲಾಗುತ್ತದೆ. ಅಡ್ಡಕ್ಕೆ ಶಿಖರ ಸಿಕ್ಕ ಮೇಲೆ ಮೇಲೆ-ಕೆಳಗೆ ಹೊಂದಿಸಿ, ಬಿಗಿಯಿರಿ. ಆಮೇಲೆ ಇನ್ನೊಬ್ಬರ ಸರದಿ.

ಇಲ್ಲಿ ನಮ್ಮ ಮೈನಸ್ 65 ಕೆಲಸಕ್ಕೆ ಬರುತ್ತದೆ. ಪ್ರತಿ ಆಂಟೆನಾಕ್ಕೂ ಮುಖ್ಯ ಕಿರಣದ ಪಕ್ಕದಲ್ಲಿ ಸಣ್ಣ ಉಪಕಿರಣಗಳಿರುತ್ತವೆ. ಅವುಗಳಲ್ಲೂ ಒಂದು ಶಿಖರ ಸಿಗುತ್ತದೆ. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಇಳಿಯುವುದರಿಂದ ಇದೇ ಸರಿ ಎನಿಸುತ್ತದೆ. ಮುಖ್ಯ ಕಿರಣಕ್ಕಿಂತ ಅದು 15-20 ಡಿಬಿ ಕೆಳಗಿರುತ್ತದೆ. ಲೆಕ್ಕ ಹಾಕದವರು ಮೈನಸ್ 83 ನೋಡಿ ‘ಕನೆಕ್ಟ್ ಆಯ್ತು’ ಎಂದು ಇಳಿದುಹೋಗುತ್ತಾರೆ. ಲೆಕ್ಕ ಹಾಕಿದವರಿಗೆ 18 ಡಿಬಿ ಎಲ್ಲೋ ಕಳೆದಿದೆ ಎಂದು ಗೊತ್ತಿರುತ್ತದೆ, ಅವರು ಇನ್ನೂ ತಿರುಗಿಸುತ್ತಾರೆ. ಲೆಕ್ಕಕ್ಕಿಂತ ಎರಡು-ಮೂರು ಡಿಬಿ ಕಡಿಮೆ ಬಂದರೆ ಸರಿ; ಐದಾರಕ್ಕಿಂತ ಹೆಚ್ಚು ಕಡಿಮೆಯಾದರೆ ಕೆಲಸ ಮುಗಿದಿಲ್ಲ.

ಈ ರೇಡಿಯೊಗಳು ಲಂಬ, ಅಡ್ಡ ಎಂಬ ಎರಡು ದನಿಯಲ್ಲಿ ಒಟ್ಟಿಗೆ ಮಾತಾಡುತ್ತವೆ. ಪರದೆಯಲ್ಲಿ ಎರಡರ ಸಿಗ್ನಲ್ಲೂ ಬೇರೆಯಾಗಿ ಕಾಣುತ್ತದೆ. ನಡುವಿನ ವ್ಯತ್ಯಾಸ ಮೂರ್ನಾಲ್ಕು ಡಿಬಿ ಮೀರಿದರೆ ಒಂದು ರೇಡಿಯೊ ವಾಲಿದೆ, ಅಥವಾ ದಾರಿಯಲ್ಲಿ ಏನೋ ತಾಗುತ್ತಿದೆ.

ಆಮೇಲೆ ವೇಗ ಅಳೆಯಿರಿ. ಇಂಟರ್ನೆಟ್ಟಿನ ಸ್ಪೀಡ್ ಟೆಸ್ಟ್ ಇಲ್ಲಿ ಉಪಯೋಗಕ್ಕಿಲ್ಲ. ಅದು ನಿಮ್ಮ ಸೇವಾದಾರರನ್ನೂ ಸೇರಿಸಿ ಅಳೆಯುತ್ತದೆ. ಎರಡು ತುದಿಯಲ್ಲೂ ಒಂದೊಂದು ಲ್ಯಾಪ್‌ಟಾಪ್ ಇಟ್ಟು ಐಪರ್ಫ್ ಎಂಬ ವೇಗ ಅಳೆಯುವ ತಂತ್ರಾಂಶ ಓಡಿಸಿ. ಪರದೆಯಲ್ಲಿ 300 ಮೆಗಾಬಿಟ್ ಎಂದಿದ್ದು ಕೈಗೆ 150 ಸಿಕ್ಕರೆ ಅದು ದೋಷವಲ್ಲ. ಒಂದೇ ಚಾನೆಲ್ಲಿನಲ್ಲಿ ಒಮ್ಮೆ ಒಬ್ಬರೇ ಮಾತಾಡಬೇಕು. ಉತ್ತರಗಳಿಗೂ ಸಮಯ ಹೋಗುತ್ತದೆ.

ಆಮೇಲಿನ ದಿನಗಳು

ಕೆಲಸ ಮುಗಿದ ದಿನ ಎರಡೂ ತುದಿಯ ಸಿಗ್ನಲ್, ಗದ್ದಲದ ಮಟ್ಟ, ಚಾನೆಲ್, ಐಪರ್ಫ್ ವೇಗ ಇಷ್ಟನ್ನೂ ಬರೆದು ಅಡಾಪ್ಟರಿನ ಪಕ್ಕ ಅಂಟಿಸಿ. ಮುಂದೆ ತೊಂದರೆ ಬಂದಾಗ ಆ ಚೀಟಿಯ ಮುಂದೆ ಇವತ್ತಿನ ಸಂಖ್ಯೆ ಹಿಡಿಯಿರಿ. ಸಿಗ್ನಲ್ ತಿಂಗಳಿಂದ ತಿಂಗಳಿಗೆ ಒಂದೊಂದೇ ಡಿಬಿ ಇಳಿಯುತ್ತಿದ್ದರೆ ದಾರಿಯಲ್ಲಿ ಮರ ಬೆಳೆಯುತ್ತಿದೆ. ಒಂದೇ ದಿನದಲ್ಲಿ ಹತ್ತು ಡಿಬಿ ಬಿದ್ದಿದ್ದರೆ ಗಾಳಿಗೆ ಕ್ಲಾಂಪ್ ತಿರುಗಿದೆ, ಇಲ್ಲವೇ ಟ್ಯಾಂಕ್ ತೊಳೆಯಲು ಬಂದವರು ಪೈಪನ್ನು ಅಲುಗಾಡಿಸಿದ್ದಾರೆ. ಸಿಗ್ನಲ್ ಅಷ್ಟೇ ಇದ್ದು ಸಂಜೆ ಹೊತ್ತು ಮಾತ್ರ ವೇಗ ಕುಸಿದರೆ ಗದ್ದಲ ಏರಿದೆ, ಚಾನೆಲ್ ಬದಲಿಸಿ. ರೇಡಿಯೊ ದಿನಕ್ಕೆ ಹಲವು ಸಲ ರೀಸ್ಟಾರ್ಟ್ ಆಗುತ್ತಿದ್ದರೆ ಅದು ತರಂಗದ ವಿಷಯವೇ ಅಲ್ಲ, ಕೇಬಲ್ಲಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿ.

ಕೂತಲ್ಲಿಂದಲೇ ಸೆಟ್ಟಿಂಗ್ ಬದಲಿಸುವಾಗ ಕ್ರಮ ತಪ್ಪಬಾರದು. ಚಾನೆಲ್ಲನ್ನು ಆಕ್ಸೆಸ್ ಪಾಯಿಂಟಿನಲ್ಲಿ ಬದಲಿಸಿದರೆ ಸಾಕು, ಸ್ಟೇಷನ್ ತಾನೇ ಹುಡುಕಿಕೊಂಡು ಬರುತ್ತದೆ. ವೈರ್‌ಲೆಸ್ ಹೆಸರು, ಪಾಸ್‌ವರ್ಡ್, ಭದ್ರತೆಯಂಥವನ್ನು ಬದಲಿಸುವಾಗ ಮೊದಲು ದೂರದ ತುದಿ, ಆಮೇಲೆ ನಿಮ್ಮ ಪಕ್ಕದ್ದು. ದೂರದ್ದು ಬದಲಾದ ಕೂಡಲೇ ಸಂಪರ್ಕ ಕಡಿಯುತ್ತದೆ. ಹತ್ತಿರದ್ದಕ್ಕೂ ಅದನ್ನೇ ಕೊಟ್ಟಾಗ ಮರಳುತ್ತದೆ. ಹತ್ತಿರದ್ದನ್ನು ಮೊದಲು ಬದಲಿಸಿ ಲ್ಯಾಪ್‌ಟಾಪ್ ಮುಚ್ಚಿದರೆ, ಗೋಡೌನಿನ ತಾರಸಿಗೆ ಏಣಿ ಹೊತ್ತು ಹೋಗಬೇಕಾಗುತ್ತದೆ.